ಅಂಗೈ ಮೇಲಿನ ಆದಿಮಾನವ

ಸಂಗ್ರಹಿಸುವುದು ಮನುಷ್ಯನ ಹುಟ್ಟುಗುಣ. ಮಾತು ಬಾರದ ಮಗುವೂ ಅಂಗಳದಲ್ಲಿ ಬಿದ್ದ ಕಲ್ಲುಹರಳನ್ನು ಆಯ್ದು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಬೆಳೆದವರು ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಹಳೆಯ ಗಡಿಯಾರ, ತಾಳೆಯೋಲೆ ಎಂದು ತಮ್ಮ ತಮ್ಮ ಅಭಿರುಚಿಗೂ ಅನುಕೂಲಕ್ಕೂ ತಕ್ಕಂತೆ ಕೂಡಿಹಾಕುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಲೋಕದ ಮನ್ನಣೆಯುಂಟು. ನಾಣ್ಯ ಕೂಡಿಸುವವನನ್ನು ಜನ ಪಂಡಿತನೆನ್ನುತ್ತಾರೆ. ತಾಳೆಯೋಲೆ ಕೂಡಿಸುವವನಿಗೆ ಕೈ ಮುಗಿಯುತ್ತಾರೆ. ಆದರೆ ಲೋಕ ನಕ್ಕು ಸುಮ್ಮನಾಗುವ ಸಂಗ್ರಹಗಳೂ ಇವೆ. ಹೆಬ್ಬೆರಳಿನಷ್ಟು ಎತ್ತರದ, ಮಣ್ಣುಬಣ್ಣದ, ಮೃಗದ ತೊಗಲನ್ನು ಸೊಂಟಕ್ಕೆ ಸುತ್ತಿಕೊಂಡು ದೊಣ್ಣೆ ಎತ್ತಿ ನಿಂತ ಪ್ಲಾಸ್ಟಿಕ್ ಗುಹಾಮಾನವರ ಸಂಗ್ರಹ ಅಂಥದು.

ಈ ಬೊಂಬೆಗಳು ಬೆಲೆಬಾಳುವವಲ್ಲ, ಅಂದಚೆಂದಕ್ಕೂ ಹೆಸರಾದವಲ್ಲ. ಕೆಲವು ಕಾಸಿಗೆ ಒಂದು ಚೀಲದಂತೆ ಅಂಗಡಿಯ ಮೊಳೆಗೆ ತೂಗಿಬಿದ್ದು, ಮಕ್ಕಳ ಕೈಸೇರಿ, ಮರಳಿನಲ್ಲಿ ಹೂತು, ನಾಯಿಯ ಬಾಯಿಗೆ ಸಿಕ್ಕಿ, ಕೊನೆಗೆ ಕಸದ ಬುಟ್ಟಿಯಲ್ಲಿ ಯಾತ್ರೆ ಮುಗಿಸಿದವೇ ಹೆಚ್ಚು. ಅವುಗಳಲ್ಲಿ ಉಳಿದವನ್ನು ಹುಡುಕಿ ತಂದು, ತೊಳೆದು, ಅಳೆದು, 'ಇದನ್ನು ಮಾಡಿದವರು ಯಾರು? ಎಲ್ಲಿ? ಯಾವಾಗ?' ಎಂದು ವರ್ಷಗಟ್ಟಲೆ ತಲೆಕೆಡಿಸಿಕೊಳ್ಳುವ ಜನ ಅಮೆರಿಕ ಮತ್ತು ಯೂರೋಪಿನ ದೇಶಗಳಲ್ಲಿದ್ದಾರೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ನೋಡಿದವರು ಹೇಳಬಹುದು. ಆದರೆ ಇಲಿಯನ್ನೂ ಸರಿಯಾಗಿ ಇಲಿಯೆಂದು ಗುರುತಿಸಬೇಕಾದರೆ ಎಷ್ಟು ಕಣ್ಣು ಬೇಕು, ಎಷ್ಟು ತಾಳ್ಮೆ ಬೇಕು ಎಂಬುದು ಹಿಡಿದವನಿಗೇ ಗೊತ್ತು.

ಈ ಬೊಂಬೆಗಳ ಕಥೆ ಹೇಳುವಾಗ ಮೊದಲು ಬರುವ ಹೆಸರು ಲೂಯಿ ಮಾರ್ಕ್ಸ್ ಎಂಬ ಅಮೆರಿಕದ ಉದ್ಯಮಿಯದು. 1896ರಲ್ಲಿ ಹುಟ್ಟಿದ ಈತ 1919ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆಟಿಕೆಗಳ ಸಂಸ್ಥೆಯೊಂದನ್ನು ಆರಂಭಿಸಿದ. ಒಳ್ಳೆಯ ಆಟಿಕೆಯನ್ನು ಕಡಿಮೆ ಬೆಲೆಗೆ, ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಮಾರುವುದು ಆತನ ವ್ಯಾಪಾರದ ಗುಟ್ಟು. 1955ರಲ್ಲಿ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ಆತನ ಚಿತ್ರವನ್ನು ಅಚ್ಚುಹಾಕಿತು. ಆ ದಶಕದಲ್ಲಿಯೇ ಆತನ ಸಂಸ್ಥೆ ಪ್ರಾಗೈತಿಹಾಸಿಕ ಲೋಕದ ಆಟಿಕೆಯ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಪೆಟ್ಟಿಗೆಯನ್ನು ತೆರೆದರೆ ಗುಹೆಯೂ ಕೊಳವೂ ಇರುವ ಪ್ಲಾಸ್ಟಿಕ್ ನೆಲ, ತಾಳೆಯಂಥ ಮರಗಳು, ಜರೀಗಿಡಗಳು, ಹತ್ತಾರು ಡೈನೊಸಾರ್‌ಗಳು. ಅವುಗಳ ನಡುವೆ ಸುಮಾರು 45 ಮಿಲಿಮೀಟರ್ ಎತ್ತರದ ಗುಹಾಮಾನವರು. 1960ರ ದಶಕದಲ್ಲಿ ಇದೇ ಸಂಸ್ಥೆಯಿಂದ 6 ಅಂಗುಲದ ದೊಡ್ಡ ಗುಹಾಮಾನವರೂ ಹೊರಬಂದರು. ಎಂ.ಪಿ.ಸಿ. ಎಂಬ ಅಮೆರಿಕದ ಇನ್ನೊಂದು ಸಂಸ್ಥೆಯೂ ತನ್ನದೇ ಗುಹಾಮಾನವರನ್ನು ಮಾಡಿತು. ಮಕ್ಕಳಿಗೆ ಇಷ್ಟವಾದುದನ್ನು ಕಂಡ ಮೇಲೆ ಹಾಂಗ್‌ಕಾಂಗ್‌ನ ಸಣ್ಣಪುಟ್ಟ ಕಾರ್ಖಾನೆಗಳು ಸುಮ್ಮನಿರುತ್ತವೆಯೇ? ಅಸಲಿನ ಹಿಂದೆ ನಕಲು, ನಕಲಿನ ಹಿಂದೆ ನಕಲಿನ ನಕಲು ಎಂದು ಗುಹಾಮಾನವರ ಸಂತತಿ ಬೆಳೆಯಿತು.

ಇಂಥ ಬೊಂಬೆಗಳನ್ನು ಕೂಡಿಸುವ ವೃದ್ಧನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಆತನ ವಾಸ ಪೆನ್ಸಿಲ್ವೇನಿಯ ಪ್ರಾಂತದ ಒಂದು ಸಣ್ಣ ಊರು. ಮಾರ್ಕ್ಸ್ ಸಂಸ್ಥೆಯ ಕಾರ್ಖಾನೆಗಳು ಆ ಪ್ರಾಂತದ ಈರಿ ಮತ್ತು ಗಿರಾರ್ಡ್ ಎಂಬ ಊರುಗಳಲ್ಲಿದ್ದವು. ವೃದ್ಧನ ಮನೆಯ ಗಾಜಿನ ಕಪಾಟಿನಲ್ಲಿ ನೂರಾರು ಗುಹಾಮಾನವರು ಸಾಲುಗಟ್ಟಿ ನಿಂತಿದ್ದಾರೆ. ಒಬ್ಬ ಈಟಿ ಎತ್ತಿದ್ದಾನೆ. ಒಬ್ಬ ತಲೆಯ ಮೇಲೆ ಬಂಡೆ ಹೊತ್ತಿದ್ದಾನೆ. ಇನ್ನೊಬ್ಬ ಬೆಂಕಿ ಹೊತ್ತಿಸಲು ಮಂಡಿಯೂರಿದ್ದಾನೆ. ಪ್ರತಿಯೊಂದರ ಪಾದದ ಬಳಿ ಒಂದು ಚೀಟಿ. ಮೇಲಿನ ಸಾಲಿನ ನಡುವೆ, ಎಲ್ಲರ ಕಣ್ಣಿಗೂ ಬೀಳುವಂತೆ, ದೊಣ್ಣೆ ಹಿಡಿದ ಒಬ್ಬ ನಿಂತಿದ್ದಾನೆ. ಅವನ ಬಲಗೈಯ ಮೇಲೆ ಹಲ್ಲಿನ ಗುರುತುಗಳಿವೆ. ಅದು ಆ ವೃದ್ಧನ ಸ್ವಂತ ಹಲ್ಲಿನ ಗುರುತು. ಆತ ಐದು ವರ್ಷದ ಬಾಲಕನಾಗಿದ್ದಾಗ, ಸಂಬಳದ ದಿನದ ಸಂಜೆ ತಂದೆ ಕೋಟಿನ ಜೇಬಿನಿಂದ ತೆಗೆದುಕೊಟ್ಟ ಚೀಲದಲ್ಲಿದ್ದ ಬೊಂಬೆಗಳ ಪೈಕಿ ಉಳಿದದ್ದು ಇದೊಂದೇ. ಅದರ ಚೀಟಿಯಲ್ಲಿ 'ಮಾರ್ಕ್ಸ್, ಅಮೆರಿಕ' ಎಂದು ಬರೆದಿದೆ. ತನ್ನದೇ ಪ್ರಾಂತದ ಜನರ ದುಡಿಮೆಯಿಂದ ಬಂದದ್ದು ಎಂದು ಬಂದವರಿಗೆಲ್ಲ ತೋರಿಸುವುದು ಆತನಿಗೊಂದು ಸಂತೋಷ.

ಗುರುತಿಸುವ ಕೆಲಸ ಮೇಲುನೋಟಕ್ಕೆ ತೋರುವಷ್ಟು ಸುಲಭವಲ್ಲ. ಚೀಲದಲ್ಲಿ ಬರುತ್ತಿದ್ದ ಅಗ್ಗದ ಬೊಂಬೆಗಳಲ್ಲಿ ತಯಾರಕನ ಹೆಸರು ಸಾಮಾನ್ಯವಾಗಿ ಬೊಂಬೆಯ ಮೇಲೆ ಇರುತ್ತಿರಲಿಲ್ಲ. ಇದ್ದರೆ ಅದು ಚೀಲದ ಬಾಯಿಗೆ ಮಡಿಸಿ ಪಿನ್ನು ಹೊಡೆದ ದಪ್ಪ ಕಾಗದದ ಪಟ್ಟಿಯ ಮೇಲಿರುತ್ತಿತ್ತು. ಚೀಲ ಕೈಗೆ ಬಂದ ಮಗು ಮೊದಲು ಮಾಡುವ ಕೆಲಸವೆಂದರೆ ಆ ಪಟ್ಟಿಯನ್ನು ಹರಿದೆಸೆಯುವುದು! ಹೀಗೆ ಬೊಂಬೆಯ ಕುಲಗೋತ್ರವನ್ನು ಹೇಳಬಲ್ಲ ಏಕೈಕ ಸಾಕ್ಷಿ ಆಟದ ಮೊದಲ ನಿಮಿಷದಲ್ಲಿಯೇ ನಾಶವಾಗುತ್ತಿತ್ತು. ಇಂದು ಸಂಗ್ರಾಹಕರು ಬೊಂಬೆಗಿಂತ ಹೆಚ್ಚಿನ ಆಸೆಯಿಂದ ಹುಡುಕುವುದು ಆ ಕಾಗದದ ತುಂಡನ್ನೇ.

ಕೆಲವು ಬೊಂಬೆಗಳ ಪೀಠದ ಅಡಿಯಲ್ಲಿ 'ಹಾಂಗ್‌ಕಾಂಗ್' ಎಂಬ ಉಬ್ಬಕ್ಷರಗಳಿರುತ್ತವೆ. ಇದು ತಯಾರಕ ತನ್ನ ಹೆಮ್ಮೆಗಾಗಿ ಹಾಕಿಕೊಂಡ ಮುದ್ರೆಯಲ್ಲ, ಕಾನೂನಿನ ಒತ್ತಾಯ. ಹೊರದೇಶದಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಸುಂಕದ ಕಾಯಿದೆಯಲ್ಲಿಯೇ ವಿಧಿಸಿತ್ತು. ನಾಡಿನ ಹೆಸರನ್ನು ಕಾನೂನು ಕೇಳಿತು, ಕಾರ್ಖಾನೆ ಕೊಟ್ಟಿತು. ಮಾಡಿದವರ ಹೆಸರನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಇನ್ನೊಂದು ತೊಡಕೂ ಉಂಟು. ಬಿಡಿವಸ್ತುವಿನ ಮೇಲೆ ಮುದ್ರೆ ಹಾಕುವುದು ಕಷ್ಟವಾದಾಗ ಅದು ಬಂದ ಚೀಲ ಅಥವಾ ಪೆಟ್ಟಿಗೆಯ ಮೇಲೆ ದೇಶದ ಹೆಸರಿದ್ದರೂ ಸಾಕೆಂದು ಕಾನೂನು ವಿನಾಯಿತಿ ಕೊಡುತ್ತದೆ. ಆದ್ದರಿಂದ ಅಡಿಯಲ್ಲಿ ಏನೂ ಬರೆಯದ ಬೊಂಬೆ ಅಮೆರಿಕದ್ದೇ ಎಂದು ತಿಳಿಯುವಂತಿಲ್ಲ. ಮೌನವನ್ನು ಸಾಕ್ಷಿಯೆಂದು ಎಣಿಸಿದವನು ಮೋಸಹೋಗುತ್ತಾನೆ.

ಹೆಸರಿಲ್ಲದ ಕಡೆ ವಸ್ತುವೇ ಮಾತಾಡಬೇಕು. ಅದನ್ನು ಮಾತಾಡಿಸುವ ಉಪಾಯಗಳು ಸರಳವಾದುವು. ಪ್ರೌಢಶಾಲೆಯ ಪ್ರಯೋಗಾಲಯದ ಸಲಕರಣೆಗಳೇ ಸಾಕು. ಒಂದು ಬೋಗುಣಿಯಲ್ಲಿ ನೀರು ತುಂಬಿ ಬೊಂಬೆಯನ್ನು ಹಾಕಿದರೆ ಪಾಲಿಥೀನ್ ಬೊಂಬೆ ತೇಲುತ್ತದೆ, ಏಕೆಂದರೆ ಅದು ನೀರಿಗಿಂತ ಹಗುರ. ಗಟ್ಟಿಯಾದ ಪಾಲಿಸ್ಟೈರೀನೂ ಮೃದುವಾದ ಪಿ.ವಿ.ಸಿ.ಯೂ ಮುಳುಗುತ್ತವೆ. ಬೆಳಕಿಗೆ ಹಿಡಿದರೆ ತಲೆಯಿಂದ ಪಾದದವರೆಗೆ ಇಳಿದ ಸಣ್ಣ ಗೆರೆಯೊಂದು ಕಾಣುತ್ತದೆ. ಕಾಯಿಸಿ ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಿದಾಗ, ಅಚ್ಚಿನ ಎರಡು ಹೋಳುಗಳು ಕೂಡಿದ ಜಾಗ ಅದು. ಪೀಠದ ಅಡಿಯ ದುಂಡು ಗುರುತುಗಳು ಬೊಂಬೆಯನ್ನು ಅಚ್ಚಿನಿಂದ ಹೊರತಳ್ಳಿದ ಕಡ್ಡಿಗಳವು. ಒಂದೇ ಅಚ್ಚಿನಲ್ಲಿ ಹುಟ್ಟಿದವುಗಳಲ್ಲಿ ಈ ಗೆರೆ, ಈ ಗುರುತು ಒಂದೇ ಜಾಗದಲ್ಲಿರುತ್ತವೆ. ಇವು ಬೊಂಬೆಯ ಬೆರಳಚ್ಚು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅಳತೆ. ಪಾಲಿಥೀನ್ ಬಿಸಿಯಾಗಿದ್ದಾಗ ಅಚ್ಚನ್ನು ತುಂಬಿ, ಆರಿದಾಗ ನೂರಕ್ಕೆ ಎರಡು ಪಾಲಿನಷ್ಟು ಕುಗ್ಗುತ್ತದೆ. ಅಸಲು ಅಚ್ಚನ್ನು ಮಾಡುವವನು ಇದನ್ನು ಲೆಕ್ಕಹಾಕಿ ಅಚ್ಚನ್ನು ಸ್ವಲ್ಪ ದೊಡ್ಡದಾಗಿಯೇ ಕೊರೆಯುತ್ತಾನೆ. ಆದರೆ ಅಂಗಡಿಯಿಂದ ಕೊಂಡ ಬೊಂಬೆಯ ಮೇಲೆಯೇ ಅಚ್ಚು ತೆಗೆದವನ ಬೊಂಬೆ ಮತ್ತೊಮ್ಮೆ ಕುಗ್ಗುತ್ತದೆ. 45 ಮಿಲಿಮೀಟರಿನ ಗುಹಾಮಾನವನ ಪ್ರತಿ ಸುಮಾರು 1 ಮಿಲಿಮೀಟರ್ ಗಿಡ್ಡನಾಗುತ್ತಾನೆ. ಪ್ರತಿಯ ಪ್ರತಿ ಇನ್ನಷ್ಟು ಗಿಡ್ಡ. ಎತ್ತರದೊಡನೆ ಮುಖದ ರೇಖೆಗಳೂ ಕರಗುತ್ತವೆ. ಗಡ್ಡದ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಬೆರಳುಗಳು ಕೂಡಿ ಮುಷ್ಟಿ ಮುದ್ದೆಯಾಗುತ್ತದೆ. ಬಾಯಿಂದ ಬಾಯಿಗೆ ಹೋದ ಸುದ್ದಿ ಕೆಡುವಂತೆ ಅಚ್ಚಿನಿಂದ ಅಚ್ಚಿಗೆ ಹೋದ ಮುಖವೂ ಕೆಡುತ್ತದೆ.

ಕಾಲದ ಲೆಕ್ಕವೂ ಸುಲಭವಲ್ಲ. ಲೂಯಿ ಮಾರ್ಕ್ಸ್ 1972ರಲ್ಲಿ ತನ್ನ ಸಂಸ್ಥೆಯನ್ನು ಮಾರಿದ. ಮುಂದೆ ಅದು ಮತ್ತೊಂದು ಕೈಗೆ ಹೋಗಿ, 1980ರಲ್ಲಿ ಮುಚ್ಚಿತು. ಆದರೆ ಉಕ್ಕಿನ ಅಚ್ಚಿಗೆ ಮುಪ್ಪು ಬೇಗ ಬಾರದು. ಯಜಮಾನರು ಹೋದರೂ ಅಚ್ಚುಗಳು ಉಳಿದು, ಬೇರೆ ಬೇರೆ ಕೈಗಳಲ್ಲಿ ಅದೇ ಬೊಂಬೆಗಳನ್ನು ಮತ್ತೆ ಹೆತ್ತವು. ಆದ್ದರಿಂದ ಅಸಲು ಅಚ್ಚಿನಲ್ಲಿ ಹುಟ್ಟಿದ್ದರೂ ಹಳೆಯದಲ್ಲದ ಬೊಂಬೆಗಳಿವೆ. ಹಳೆಯದಾಗಿದ್ದರೂ ಅಸಲಲ್ಲದ ಬೊಂಬೆಗಳಿವೆ. ಪ್ಲಾಸ್ಟಿಕ್ಕಿನ ಬಣ್ಣ, ಹೊಳಪು, ಬಿರುಸು ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಿಯೇ ತೀರ್ಮಾನಿಸಬೇಕು.

ನಕಲು ಎಂದೊಡನೆ ತಾತ್ಸಾರ ಹುಟ್ಟುವುದು ಸಹಜ. ಪರರ ಕೃತಿಯನ್ನು ಕೇಳದೆ ತೆಗೆದುಕೊಳ್ಳುವುದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಕಲಿನ ಹಿಂದೆಯೂ ಮನುಷ್ಯರಿದ್ದರು. ಎರಡನೆಯ ಮಹಾಯುದ್ಧದ ನಂತರ ಹಾಂಗ್‌ಕಾಂಗ್‌ಗೆ ಚೀನದಿಂದ ನಿರಾಶ್ರಿತರ ಪ್ರವಾಹವೇ ಹರಿದುಬಂದಿತು. ಇಕ್ಕಟ್ಟಾದ ಕಟ್ಟಡಗಳಲ್ಲಿ ಸಣ್ಣ ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಗಳು ತಲೆಯೆತ್ತಿದವು. ಹೆಂಗಸರು ಮಕ್ಕಳು ಮನೆಯಲ್ಲಿಯೇ ಕುಳಿತು, ಬಿಡಿಗೆ ಇಷ್ಟೆಂಬ ಕೂಲಿಗೆ ಪ್ಲಾಸ್ಟಿಕ್ ಹೂಗಳನ್ನು ಜೋಡಿಸಿದರು, ಬೊಂಬೆಗಳಿಗೆ ಬಣ್ಣ ಹಚ್ಚಿದರು. 1970ರ ದಶಕದಲ್ಲಿ ಹಾಂಗ್‌ಕಾಂಗ್ ಆಟಿಕೆಗಳ ರಫ್ತಿನಲ್ಲಿ ಜಗತ್ತಿನ ಮುಂಚೂಣಿಗೆ ಬಂದಿತು. ಕೆಂಪು ಚುಕ್ಕೆಯೊಂದು ಗುಹಾಮಾನವನ ತುಟಿಯನ್ನು ತಪ್ಪಿ ಗಲ್ಲದ ಮೇಲೆ ಬಿದ್ದಿದ್ದರೆ, ಅದು ದಣಿದ ಕೈಯೊಂದರ ಗುರುತು. ದೂರದ ದೇಶದ ಮಗು ಆಡಲೆಂದು ಬಣ್ಣ ಹಚ್ಚಿದ ಆ ಕೈ, ಬಹುಶಃ ಆಟದ ವಯಸ್ಸು ಮುಗಿಯದ ಇನ್ನೊಂದು ಮಗುವಿನದೇ ಆಗಿದ್ದಿರಬಹುದು.

ಬೊಂಬೆ ಯಾರದೆಂಬ ಪ್ರಶ್ನೆ ಹೀಗೆ ಬಿಡಿಸಿದರೆ, ಬೊಂಬೆಯಲ್ಲಿರುವವನು ಯಾರೆಂಬ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬಾಗಿದ ಬೆನ್ನು, ಮಡಿಸಿದ ಮಂಡಿ, ಮುಂದಕ್ಕೆ ಚಾಚಿದ ಕುತ್ತಿಗೆ, ಕೈಯಲ್ಲಿ ದೊಣ್ಣೆ. ಈ ರೂಪ ಎಲ್ಲಿಂದ ಬಂದಿತು?

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣದಕಲ್ಲು ಒಡೆಯುತ್ತಿದ್ದ ಕೂಲಿಗಳಿಗೆ ಗುಹೆಯೊಂದರ ಮಣ್ಣಿನಲ್ಲಿ ಕೆಲವು ಮೂಳೆಗಳು ಸಿಕ್ಕಿದವು. ಕರಡಿಯ ಮೂಳೆಗಳೆಂದು ಅವರು ಭಾವಿಸಿದರು. ಅವು ಬಹು ಪ್ರಾಚೀನನಾದ ಮನುಷ್ಯನವೆಂದು ಗುರುತಿಸಿದಾತ ಯೋಹಾನ್ ಕಾರ್ಲ್ ಫುಲ್‌ರೋಟ್ ಎಂಬ ಶಾಲಾ ಉಪಾಧ್ಯಾಯ. ಉಪಾಧ್ಯಾಯನ ಮಾತನ್ನು ದೊಡ್ಡ ವಿದ್ವಾಂಸರು ಒಪ್ಪಲಿಲ್ಲ. ಇದು ರೋಗದಿಂದ ವಿಕಾರಗೊಂಡ ಈಚಿನವನ ಎಲುಬು ಎಂದರು ಒಬ್ಬರು. ನೆಪೋಲಿಯನ್ನನ ಮೇಲೆ ದಂಡೆತ್ತಿ ಹೊರಟ ರಷ್ಯದ ಸೈನ್ಯದಿಂದ ತಪ್ಪಿಸಿಕೊಂಡು ಗುಹೆಯಲ್ಲಿ ಸತ್ತ ಕೊಸಾಕ್ ಸವಾರನಿರಬೇಕು ಎಂದರು ಇನ್ನೊಬ್ಬರು. ಕೊನೆಗೆ ಉಪಾಧ್ಯಾಯನೇ ಗೆದ್ದ. 1864ರಲ್ಲಿ ವಿಲಿಯಂ ಕಿಂಗ್ ಎಂಬ ವಿದ್ವಾಂಸ ಆ ಜಾತಿಗೆ ನಿಯಾಂಡರ್ತಾಲ್ ಮಾನವ ಎಂಬ ಹೆಸರು ಕೊಟ್ಟ.

1908ರಲ್ಲಿ ಫ್ರಾನ್ಸ್ ದೇಶದ ಲಾ ಶಪೆಲ್ ಓ ಸೇಂಟ್ ಎಂಬ ಗ್ರಾಮದ ಬಳಿ ಇಂಥವನೊಬ್ಬನ ಅಸ್ಥಿಪಂಜರ ಹೆಚ್ಚುಕಡಿಮೆ ಪೂರ್ಣವಾಗಿಯೇ ದೊರೆಯಿತು. ಪ್ಯಾರಿಸ್ಸಿನ ವಿದ್ವಾಂಸ ಮಾರ್ಸೆಲಿನ್ ಬೂಲ್ ಅದನ್ನು ಪರೀಕ್ಷಿಸಿ, ಈತ ನೆಟ್ಟಗೆ ನಿಲ್ಲಲಾರದವನು, ಮಂಡಿ ಬಾಗಿಸಿ ವಾನರನಂತೆ ನಡೆದವನು ಎಂದು ಬರೆದ. 1909ರಲ್ಲಿ ಫ್ರೆಂಚ್ ಪತ್ರಿಕೆಯೊಂದು ಮೈತುಂಬ ರೋಮದ, ದೊಣ್ಣೆ ಹಿಡಿದ ಘೋರರೂಪದ ಚಿತ್ರವನ್ನು ಪ್ರಕಟಿಸಿತು. ಆ ಚಿತ್ರ ಲೋಕದ ಕಣ್ಣಿನಲ್ಲಿ ನಾಟಿತು. 1957ರಲ್ಲಿ ವಿಲಿಯಂ ಸ್ಟ್ರಾಸ್ ಮತ್ತು ಎ. ಜೆ. ಇ. ಕೇವ್ ಎಂಬ ಇಬ್ಬರು ವಿದ್ವಾಂಸರು ಅದೇ ಎಲುಬುಗಳನ್ನು ಮತ್ತೆ ಪರೀಕ್ಷಿಸಿ, ಆತನ ಬೆನ್ನೆಲುಬನ್ನು ಸಂಧಿವಾತ ಕೆಡಿಸಿತ್ತೆಂದು ತೋರಿಸಿದರು. ಆರೋಗ್ಯವಂತನಾದ ನಿಯಾಂಡರ್ತಾಲ್ ಮಾನವ ಇಂದಿನವರಂತೆಯೇ ನೆಟ್ಟಗೆ ನಿಂತು ನಡೆಯುತ್ತಿದ್ದ. ಒಬ್ಬ ರೋಗಿಯ ನೋವನ್ನು ಒಂದು ಇಡೀ ಕುಲದ ಲಕ್ಷಣವೆಂದು ಅರ್ಧ ಶತಮಾನ ನಂಬಲಾಗಿತ್ತು!

ತಿದ್ದುಪಡಿ ಬಂದದ್ದು ಪಂಡಿತರ ಪತ್ರಿಕೆಗೆ, ಆಟಿಕೆಯ ಕಾರ್ಖಾನೆಗಲ್ಲ. ಬಾಗಿದ ಬೆನ್ನಿನ ಗುಹಾಮಾನವನನ್ನು ಅದೇ ಕಾಲದಲ್ಲಿ ಉಕ್ಕಿನಲ್ಲಿ ಕೊರೆಯುತ್ತಿದ್ದರು. ಕಾಗದದ ಮೇಲಿನ ತಪ್ಪನ್ನು ಒಂದು ಗೆರೆ ಎಳೆದು ತಿದ್ದಬಹುದು. ಅಚ್ಚಿನೊಳಗಿನ ತಪ್ಪು ದಿನಕ್ಕೆ ಸಾವಿರ ಮರಿ ಹಾಕುತ್ತದೆ. ತಪ್ಪು ಇದೊಂದೇ ಅಲ್ಲ. ಪೆಟ್ಟಿಗೆಯಲ್ಲಿ ಗುಹಾಮಾನವನೂ ಡೈನೊಸಾರೂ ಒಟ್ಟಿಗೆ ಬಂದವು. 1940ರ ಒಂದು ಹಾಲಿವುಡ್ ಚಲನಚಿತ್ರದಲ್ಲಿಯೂ, 1960ರಲ್ಲಿ ದೂರದರ್ಶನಕ್ಕೆ ಬಂದ 'ಫ್ಲಿಂಟ್‌ಸ್ಟೋನ್ಸ್' ಎಂಬ ವ್ಯಂಗ್ಯಚಿತ್ರ ಮಾಲೆಯಲ್ಲಿಯೂ ಅವು ಒಟ್ಟಿಗೇ ಇದ್ದವು. ವಾಸ್ತವವಾಗಿ ಆ ದೈತ್ಯಪ್ರಾಣಿಗಳು ಅಳಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಇಂದಿನ ಮನುಷ್ಯಜಾತಿಗೆ ಸುಮಾರು 3 ಲಕ್ಷ ವರ್ಷ ವಯಸ್ಸು. ಅವರಿಬ್ಬರ ಭೇಟಿ ನಡೆದದ್ದು ಮಕ್ಕಳ ಮರಳುಗುಂಡಿಯಲ್ಲಿ ಮಾತ್ರ.

ಗುಹಾಮಾನವನೆಂಬ ಹೆಸರೂ ಪೂರ್ತಿ ಸರಿಯಲ್ಲ. ಗುಹೆ ಮಳೆಗಾಳಿಗಳಿಂದ ಎಲುಬನ್ನು ಕಾಪಾಡುತ್ತದೆ. ಆದ್ದರಿಂದ ಹುಡುಕುವವರಿಗೆ ಗುಹೆಯಲ್ಲಿ ಹೆಚ್ಚು ಸಿಕ್ಕಿದೆ. ಆದರೆ ಆದಿಮಾನವರಲ್ಲಿ ಬಹುಪಾಲು ಜನ ಬಯಲಿನಲ್ಲಿ, ನೀರಿನ ಬಳಿ, ಕಲ್ಲು ದೊರೆಯುವೆಡೆಯಲ್ಲಿ ಬಾಳಿದವರು. ಇದಕ್ಕೆ ಸಾಕ್ಷಿ ಕರ್ನಾಟಕದಲ್ಲಿಯೇ ಇದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರ ನೇತೃತ್ವದ ಉತ್ಖನನದಿಂದ ಬೆಳಕಿಗೆ ಬಂದ ನೆಲೆ, ಆದಿಮಾನವರು ಸುಣ್ಣದಕಲ್ಲಿನ ಹಾಸುಗಳಿಂದ ಕೈಗೊಡಲಿಗಳನ್ನು ಮಾಡಿದ ಬಯಲು ಕಾರ್ಯಾಗಾರ. ಅದು 10 ಲಕ್ಷ ವರ್ಷಗಳಿಗೂ ಹಿಂದಿನದೆಂದು ಅಂದಾಜು. ಆ ಕೈಗೊಡಲಿಗಳನ್ನು ಗುರುತಿಸುವ ವಿದ್ಯೆಯೂ ಸಂಗ್ರಾಹಕನ ವಿದ್ಯೆಯೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಎತ್ತಿಕೊಂಡ ಒಂದು ಕಲ್ಲು ಇತರರಿಗೆ ಬರೀ ಕಲ್ಲು. ಅದರ ಮೇಲೆ ಮನುಷ್ಯನ ಕೈಯ ಏಟು ಬಿದ್ದಿದೆಯೆಂಬುದನ್ನು ಆತನ ಕಣ್ಣು ಕಂಡಿತು. ಭಾರತದ ಪ್ರಾಗೈತಿಹಾಸಿಕ ಅಧ್ಯಯನ ಆ ಕಲ್ಲಿನಿಂದ ಆರಂಭವಾಯಿತು.

ಬೊಂಬೆಯ ಲೋಕದಲ್ಲಿ ದೊಣ್ಣೆಗೆ ಕೊನೆಯಿಲ್ಲ. ಜರ್ಮನಿಯ ಶೋನಿಂಗೆನ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ 1990ರ ದಶಕದಲ್ಲಿ ದೊರೆತ ಮರದ ಈಟಿಗಳಾದರೋ ಬಡಗಿಯೂ ತಲೆದೂಗುವಷ್ಟು ನಯವಾಗಿವೆ; ಅವು ಲಕ್ಷಾಂತರ ವರ್ಷಗಳ ಹಿಂದಿನವು. ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ಸಿಕ್ಕಿದ ನಿಯಾಂಡರ್ತಾಲ್ ಪುರುಷನಂತೂ ಇನ್ನೊಂದು ಸತ್ಯವನ್ನು ಹೇಳುತ್ತಾನೆ. ಆತನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮುಖದ ಒಂದು ಪಕ್ಕಕ್ಕೆ ಬಿದ್ದ ಏಟಿನಿಂದ ಒಂದು ಕಣ್ಣು ಹೋಗಿದ್ದಿರಬೇಕು. ಆದರೂ ಗಾಯಗಳೆಲ್ಲ ಮಾಯ್ದು ಆತ ಅನೇಕ ವರ್ಷ ಬದುಕಿದ್ದ. ಅಂಥವನು ಒಂಟಿಯಾಗಿ ಬದುಕುವುದು ಸಾಧ್ಯವೇ? ಯಾರೋ ಆತನಿಗೆ ಉಣಬಡಿಸಿರಬೇಕು, ಯಾರೋ ಕಾದಿರಬೇಕು. ಸಾವಿರ ಚೀಲ ತೆರೆದರೂ ಬಿದ್ದವನನ್ನು ಎತ್ತುವ ಗುಹಾಮಾನವನ ಬೊಂಬೆ ಸಿಗುವುದು ಕಷ್ಟ. ಹೊಡೆಯುವ ಕೈಗೆ ಅಚ್ಚು ಮಾಡಿದ ಲೋಕ ಹಿಡಿಯುವ ಕೈಗೆ ಅಚ್ಚು ಮಾಡುವುದನ್ನು ಮರೆಯಿತು.

ಮತ್ತೆ ಪೆನ್ಸಿಲ್ವೇನಿಯದ ಆ ಕಪಾಟಿನ ಬಳಿಗೆ ಬರಬಹುದು. ಒಂದು ಭಾನುವಾರ ವೃದ್ಧ ಹಳೆಯ ಸಾಮಾನುಗಳ ಸಂತೆಯಿಂದ ಒಂದು ಮಾರ್ಕ್ಸ್ ಪೆಟ್ಟಿಗೆಯನ್ನು ತಂದಿದ್ದ. ಅಂಚು ಹರಿದಿದ್ದರೂ ಪೆಟ್ಟಿಗೆ ಬಹುಮಟ್ಟಿಗೆ ಪೂರ್ಣವಾಗಿತ್ತು. ಅದರೊಳಗಿದ್ದ ದೊಣ್ಣೆಯ ಗುಹಾಮಾನವನನ್ನು ತೆಗೆದು, ತಂದೆ ಕೊಟ್ಟ ಬೊಂಬೆಯ ಪಕ್ಕದಲ್ಲಿಟ್ಟ. ಬಳಿಯಲ್ಲಿದ್ದ ಎಂಟು ವರ್ಷದ ಮೊಮ್ಮಗಳು ಮೇಜಿನ ಅಂಚಿಗೆ ಗಲ್ಲವೂರಿ ಎರಡನ್ನೂ ನೋಡಿದಳು.

"ತಾತ, ಇವನು ಕಣ್ಣು ಬಿಟ್ಟಿದ್ದಾನೆ. ನಿನ್ನವನು ಯಾಕೆ ಕಣ್ಣು ಮುಚ್ಚಿಕೊಂಡಿದ್ದಾನೆ?"

"ಇಬ್ಬರೂ ಒಂದೇ ಕಣಮ್ಮಾ. ನನ್ನವನು ಆಟವಾಡಿ ಸವೆದಿದ್ದಾನೆ, ಅಷ್ಟೆ."

"ಆಟವಾಡಿದರೆ ಮೂಗು ಸವೆಯಬೇಕಲ್ಲವೇ? ಮೂಗು ಹಾಗೆಯೇ ಇದೆ. ಒಳಗಿರುವ ಕಣ್ಣು ಹೇಗೆ ಸವೆಯಿತು?"

ವೃದ್ಧ ಉತ್ತರ ಕೊಡಲಿಲ್ಲ. ಕನ್ನಡಕ ಒರೆಸಿಕೊಂಡು ಬೂದುಗಾಜನ್ನು ಕೈಗೆ ತೆಗೆದುಕೊಂಡ. ಮಗು ಹೇಳಿದ್ದು ನಿಜ. ಹೊಸದಾಗಿ ಬಂದವನ ಹುಬ್ಬಿನ ಕೆಳಗೆ ರೆಪ್ಪೆಯ ಗೆರೆ ಸ್ಪಷ್ಟವಾಗಿತ್ತು. ತನ್ನ ಬೊಂಬೆಯಲ್ಲಿ ಅಲ್ಲೊಂದು ನುಣುಪಾದ ತಗ್ಗು ಮಾತ್ರ ಇತ್ತು. ಅಚ್ಚಿನ ಗೆರೆ ಒಂದರಲ್ಲಿ ಕಿವಿಯ ಮೇಲೆ ಹಾದಿತ್ತು, ಇನ್ನೊಂದರಲ್ಲಿ ಕಿವಿಯ ಹಿಂದೆ. ಆತ ವರ್ನಿಯರ್ ಕ್ಯಾಲಿಪರನ್ನು ತಂದ. ಪೆಟ್ಟಿಗೆಯವನಿಗಿಂತ ತಂದೆ ಕೊಟ್ಟವನು ಒಂದು ಮಿಲಿಮೀಟರ್ ಗಿಡ್ಡನಾಗಿದ್ದ. ಮತ್ತೊಮ್ಮೆ ಅಳೆದ; ಮೂರನೆಯ ಸಲವೂ ಅಳೆದ. ಅಳತೆ ಬದಲಾಗಲಿಲ್ಲ. ಇತರರ ಬೊಂಬೆಗಳಲ್ಲಿ ಇದೇ ಲಕ್ಷಣವನ್ನು ಕಂಡು 'ಇದು ಪ್ರತಿ' ಎಂದು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದವನು ತನ್ನ ಬೊಂಬೆಯನ್ನು ನಲವತ್ತು ವರ್ಷ ಅಳೆದೇ ಇರಲಿಲ್ಲ. ಪ್ರೀತಿ ಅಳತೆಗೋಲನ್ನು ಕೈಗೆತ್ತಿಕೊಳ್ಳಲು ಬಿಟ್ಟಿರಲಿಲ್ಲ.

ಆ ಸಂಜೆ ಎರಡು ದಾರಿಗಳು ಆತನ ಮುಂದಿದ್ದವು. ಮಗು ನಾಳೆ ಮರೆತುಬಿಡುತ್ತದೆ; ಕಪಾಟಿನ ಗಾಜಿನಾಚೆಗೆ ಒಂದು ಮಿಲಿಮೀಟರನ್ನು ಯಾರೂ ಕಾಣಲಾರರು; ಹಳೆಯ ಚೀಟಿ ಇದ್ದಲ್ಲಿಯೇ ಇರಬಹುದಿತ್ತು. ಆದರೆ ಒಂದು ಚೀಟಿ ಸುಳ್ಳೆಂದು ತಿಳಿದಮೇಲೂ ಉಳಿದರೆ ಉಳಿದ ನೂರಾರು ಚೀಟಿಗಳ ಮಾತಿಗೆ ಬೆಲೆಯೆಲ್ಲಿ? ವೃದ್ಧ ಹಳೆಯದನ್ನು ತೆಗೆದು ಹೊಸ ಚೀಟಿ ಬರೆದ: 'ಮಾರ್ಕ್ಸ್ ಬೊಂಬೆಯ ಪ್ರತಿ. ಬಹುಶಃ ಹಾಂಗ್‌ಕಾಂಗ್. ತಯಾರಕರು ತಿಳಿಯದು.' ಮೊಮ್ಮಗಳು ಅದನ್ನು ಓದಿ ಕೇಳಿದಳು:

"ಹಾಗಾದರೆ ಇದು ಒಳ್ಳೆಯದಲ್ಲವೇ ತಾತ? ಕೆಳಗಿನ ಸಾಲಿಗೆ ಇಡಬೇಕೇ?"

ವೃದ್ಧ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಸಾಲು ಸೇರಿಸಿದ: 'ನನ್ನ ಅಪ್ಪ ಕೊಟ್ಟದ್ದು.' ಬೊಂಬೆ ಮೇಲಿನ ಸಾಲಿನ ನಡುವೆಯೇ ನಿಂತಿತು.

ಹೊಸ ಚೀಟಿಯ ಎರಡು ಮಾತುಗಳೂ ನಿಜ. ಮೊದಲನೆಯದು ವಸ್ತುವಿನ ಸತ್ಯ, ಎರಡನೆಯದು ಬಾಳಿನ ಸತ್ಯ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅಪ್ಪ ಕೊಟ್ಟಾಗಿನ ಸಂತೋಷ ಅಸಲು. ಅದನ್ನು ಉಳಿಸಿಕೊಳ್ಳಲು ಬೊಂಬೆಯ ಬಗ್ಗೆ ಸುಳ್ಳು ಹೇಳಬೇಕಾದ ಅಗತ್ಯವಿಲ್ಲ. ತನಗೆ ಪ್ರಿಯವಾದುದನ್ನು ಅದು ಇದ್ದ ಹಾಗೆಯೇ ಅರಿಯುವ ಧೈರ್ಯವಿಲ್ಲದ ಪ್ರೀತಿ ಅರ್ಧ ಪ್ರೀತಿ. ವಿದ್ವಾಂಸರಿಗೂ ಈ ಮಾತು ಸಲ್ಲುತ್ತದೆ. ಬಾಗಿದ ಬೆನ್ನಿನ ಆದಿಮಾನವನ ಪಾದದ ಬಳಿ ಅರ್ಧ ಶತಮಾನ ಇದ್ದ ತಪ್ಪು ಚೀಟಿಯನ್ನು ಅವರು 1957ರಲ್ಲಿ ಬದಲಾಯಿಸಿದರು. 2010ರಲ್ಲಿ ಸ್ವಾಂಟೆ ಪಾಬೊ ಮತ್ತು ಸಂಗಡಿಗರು ನಿಯಾಂಡರ್ತಾಲ್ ಮಾನವನ ವಂಶವಾಹಿಗಳ ಕರಡು ನಕ್ಷೆಯನ್ನು ಪ್ರಕಟಿಸಿದಾಗ ಆ ಚೀಟಿಗೆ ಇನ್ನೊಂದು ಸಾಲು ಸೇರಿತು. ಆಫ್ರಿಕದ ಹೊರಗಿನ ಮೂಲದ ಜನರಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟು ವಂಶವಾಹಿಗಳು ಆತನಿಂದ ಬಂದವು ಎಂಬುದು ತಿಳಿಯಿತು. ಪಾಬೊ 2022ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಯಾರನ್ನು ಕಂಡು ಲೋಕ ಶತಮಾನದ ಕಾಲ ನಕ್ಕಿತೋ ಆತ ಹೊರಗಿನವನಲ್ಲ, ಮನೆಯ ಹಿರಿಯ.

ಕೆಲವು ಕಾಸಿನ ಪ್ಲಾಸ್ಟಿಕ್ ಬೊಂಬೆ ಇಷ್ಟನ್ನೆಲ್ಲ ಕಲಿಸುವುದೇ ಎಂದು ಸಂದೇಹಪಡುವವರು, ಅದನ್ನು ಒಮ್ಮೆ ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಬೇಕು. ಅದರ ಬೆನ್ನು ಬಾಗಿರುವುದು ಒಬ್ಬ ವಿದ್ವಾಂಸನ ತಪ್ಪಿನಿಂದ. ಅದರ ಕಣ್ಣು ಮುಚ್ಚಿರುವುದು ಒಂದು ಅಚ್ಚಿನ ಅವಸರದಿಂದ. ಅದರ ತುಟಿಯ ಬಣ್ಣ ಜಾರಿರುವುದು ಒಂದು ಕೈಯ ದಣಿವಿನಿಂದ. ಅದರ ತೋಳಿನ ಮೇಲಿನ ಗುರುತು ಒಂದು ಮಗುವಿನ ಹಲ್ಲಿನಿಂದ. ಇವೆಲ್ಲ ಬೊಂಬೆಯ ಮೇಲೆ ಬರೆದಿಲ್ಲ. ಆದರೆ ಓದಬಲ್ಲವರಿಗೆ ಕಾಣುತ್ತವೆ.